ಗ್ಲಿಕ್ ಕವಿತೆಯಲ್ಲಿ ‘ನೀನು’ ಯಾರು?

ಮಾನ್ಯರೇ,

ಅಮೆರಿಕದ ಕವಿ ಲೂಯಿಸ್ ಗ್ಲಿಕ್ (1943–2023) ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸ್ವಾಗತಾರ್ಹ. ಆದರೆ ಜೊತೆಗಿದ್ದ ಅನುವಾದಗಳಲ್ಲಿ ಯಾರು ಯಾರೊಂದಿಗೆ ಮಾತನಾಡುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ.

1992ರ ‘ದಿ ವೈಲ್ಡ್ ಐರಿಸ್’ ಒಂದು ಕೈತೋಟದಲ್ಲಿ ವಸಂತದಿಂದ ಬೇಸಿಗೆಯ ಕೊನೆಯವರೆಗೆ ಸಾಗುವ ಕವಿತೆಗಳ ಮಾಲಿಕೆ. ಅಲ್ಲಿ ಮೂರು ದನಿಗಳಿವೆ: ಹೂಗಿಡಗಳು, ತೋಟ ಮಾಡುವ ಹೆಣ್ಣು, ದೇವರು. ಇಂಗ್ಲಿಷಿನ ‘ಯೂ’ ಒಬ್ಬರಿಗೂ ಹಲವರಿಗೂ ಒಂದೇ. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಗುಟ್ಟು ಬಿಟ್ಟುಕೊಡುತ್ತದೆ, ಹಾಗಾಗಿ ಅನುವಾದಕರು ಮೊದಲೇ ತೀರ್ಮಾನಿಸಬೇಕು. ‘ಮ್ಯಾಟಿನ್ಸ್’, ‘ವೆಸ್ಪರ್ಸ್’ ಎಂಬ ಪ್ರಾರ್ಥನಾ ಕವಿತೆಗಳಲ್ಲಿ ತೋಟಗಾರ್ತಿ ದೇವರನ್ನು ಕರೆಯಲು ‘ನೀನು’ ಸರಿ. ವಚನ ಓದಿದ ಕಿವಿಗೆ ಅದು ಸಹಜ. ‘ವಿಚ್‌ಗ್ರಾಸ್’ನಲ್ಲಿ ತನ್ನನ್ನು ಕಿತ್ತೆಸೆಯಲು ಬಂದವಳಿಗೆ ಕಳೆಹುಲ್ಲು ‘ನೀವು’ ಎಂದರೆ ಆ ಹುಲ್ಲಿನ ಸೊಕ್ಕೇ ಇಳಿದುಹೋಗುತ್ತದೆ. ದೇವರು ಇಡೀ ಮನುಷ್ಯಕುಲವನ್ನು ಉದ್ದೇಶಿಸುವಾಗ ಬಹುವಚನ ಬೇಕೇ ಬೇಕು. ಬರೀ ‘ನೀವು’ ಬಳಸಿದರೆ ಮರ್ಯಾದೆಯ ಧ್ವನಿ ಅಂಟಿಕೊಂಡು ಸೃಷ್ಟಿಕರ್ತನ ಅಸಹನೆ ಮಾಯವಾಗುತ್ತದೆ. ‘ನೀವೆಲ್ಲ’ ಎಂದರೆ ಆ ತೊಡಕಿಲ್ಲ. ಪ್ರಕಟವಾದ ಅನುವಾದಗಳಲ್ಲಿ ಎಲ್ಲ ಕಡೆ ‘ನೀವು’ ಎಂದೇ ಇದೆ.

ಮುಂದೆ ಇಂಥ ಕವಿತೆ ಪ್ರಕಟಿಸುವಾಗ ಶೀರ್ಷಿಕೆಯ ಕೆಳಗೆ ಮಾತನಾಡುವವರು ಯಾರೆಂದು ಒಂದು ಸಾಲು ಕೊಡಿ. ಹೂವಿನದೊಂದು, ತೋಟಗಾರ್ತಿಯದೊಂದು, ದೇವರದೊಂದು ಕವಿತೆ ಆರಿಸಿ ಮೂಲದ ಅನುಕ್ರಮದಲ್ಲೇ ಅಚ್ಚು ಮಾಡಿ. ಪುಲಿಟ್ಜರ್ (1993), ನೊಬೆಲ್ (2020) ಮುಂತಾದ ಪ್ರಶಸ್ತಿಗಳ ವಿವರಕ್ಕೆ ಕೊಟ್ಟ ಜಾಗವೇ ಅದಕ್ಕೆ ಸಾಕಾಗುತ್ತದೆ.

– ಓದುಗರೊಬ್ಬರು, ಧಾರವಾಡ