ಪಿಎಚ್‌.ಡಿ. ಮುಗಿದ ಹೊತ್ತಿನಲ್ಲಿ

ಕಳೆದ ವಾರ ನನ್ನ ಮೌಖಿಕ ಪರೀಕ್ಷೆ ಮುಗಿಯಿತು. ಜೇಡಿಮಣ್ಣಿನ ಪದರಗಳ ನಡುವೆ ಸಿಕ್ಕಿಕೊಂಡ ನೀರಿನ ಅಣುಗಳು ಹೇಗೆ ಚಲಿಸುತ್ತವೆ ಎಂಬುದನ್ನು ನನ್ನ ಬಾಯಿಂದ ಕೇಳಿ ಕೇಳಿ ದಣಿದಿರುವ ಸ್ನೇಹಿತರಿಗೆ ಆ ಕಥೆಯನ್ನು ಮತ್ತೆ ಹೇಳುವುದಿಲ್ಲ. ಕರಡುಗಳನ್ನು ಬೇಸರಿಸದೆ ತಿದ್ದಿದ ಮಾರ್ಗದರ್ಶಕರಿಗೆ, ಮಾದರಿಗಳನ್ನು ಅಲ್ಯೂಮಿನಿಯಂ ಡಬ್ಬಿಗಳಿಗೆ ತುಂಬಲು ನೆರವಾದ ಪ್ರಯೋಗಾಲಯದ ಗೆಳೆಯರಿಗೆ, ಉಪಕರಣದ ವಿಜ್ಞಾನಿಗಳಿಗೆ ನಾನು ಋಣಿ.

ಈ ಬರಹದ ಉಳಿದ ಭಾಗವೆಲ್ಲ ನಮ್ಮ ಗುಂಪಿನ ಹಿರಿಯ ಸಂಶೋಧಕಿಗೆ, ನಾನು ಅಕ್ಕ ಎಂದೇ ಕರೆಯುತ್ತ ಬಂದವರಿಗೆ ಸಲ್ಲಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ಐಸಿಸ್ ನ್ಯೂಟ್ರಾನ್ ಕೇಂದ್ರದ ಐರಿಸ್ ಸ್ಪೆಕ್ಟ್ರೋಮೀಟರ್, ಅಂದರೆ ಮಾದರಿಯಿಂದ ಚದುರಿದ ನ್ಯೂಟ್ರಾನುಗಳ ಶಕ್ತಿಯನ್ನು ಅಳೆಯುವ ಉಪಕರಣ, ನಮಗೆ ಕೆಲವೇ ದಿನಗಳ ಮಟ್ಟಿಗೆ ದೊರೆತಿತ್ತು. ಬೀಮ್‌ಟೈಮ್‌ಗೆ, ಅಂದರೆ ಉಪಕರಣ ಬಳಸಲು ಸಿಗುವ ಆ ಅವಧಿಗೆ, ಹಗಲು ರಾತ್ರಿಯ ಭೇದವಿಲ್ಲ. ಕಳೆದುಕೊಂಡರೆ ಮತ್ತೆ ಅರ್ಜಿ ಹಾಕಿ ಕಾಯಬೇಕು. ಅಂಥ ಒಂದು ರಾತ್ರಿ ಊರಿನಿಂದ ನನ್ನ ತಮ್ಮ ಫೋನ್ ಮಾಡಿ, ಅಪ್ಪನನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿರುವುದಾಗಿ ಹೇಳಿದ.

ಅಕ್ಕನ ಪಾಳಿ ಆಗಲೇ ಮುಗಿದಿತ್ತು. "ನೀನು ಮನೆಯವರ ಜೊತೆ ಮಾತಾಡ್ತಾ ಇರು, ರನ್ ನಾನು ನೋಡ್ಕೋತೀನಿ" ಎಂದಷ್ಟೇ ಹೇಳಿ ಕುಳಿತರು. 10 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್) ಅಣುಗಳ ಓಡಾಟವೆಲ್ಲ ಹೆಪ್ಪುಗಟ್ಟಿರುವಾಗ ನ್ಯೂಟ್ರಾನುಗಳ ಶಕ್ತಿ ತೋರಿಸುವ ರೇಖೆಯಲ್ಲಿ ಕಾಣುವ ಪೀಕ್‌ನ (ಶಿಖರದ) ಅಗಲವು ಉಪಕರಣದ್ದೇ ಆಗಿರುವುದರಿಂದ, ಅದನ್ನು ಮೊದಲು ಅಳೆದು, ಆಮೇಲೆ ಮಾದರಿಯನ್ನು ಹಂತಹಂತವಾಗಿ ಬಿಸಿ ಮಾಡಿ, ಪ್ರತಿ ಹಂತದಲ್ಲೂ ತಾಪಮಾನ ನೆಲೆಗೊಳ್ಳುವವರೆಗೆ ಕಾದು ಹೊಸ ರನ್ (ಒಂದು ಸುತ್ತಿನ ಅಳತೆ) ಆರಂಭಿಸುವ ಕೆಲಸವನ್ನು ಬೆಳಗಿನವರೆಗೂ ಅವರೊಬ್ಬರೇ ಮಾಡಿದರು. ನಸುಕಿನಲ್ಲಿ ನನ್ನನ್ನು ಕರೆದದ್ದು ಸಮಾಧಾನ ಹೇಳಲಿಕ್ಕಲ್ಲ. 10 ಕೆಲ್ವಿನ್‌ನ ರೇಖೆ, ಬಿಸಿ ಮಾಡಿದ ಮೇಲಿನ ರೇಖೆ ಎರಡನ್ನೂ ಒಂದರ ಮೇಲೊಂದಿಟ್ಟು, ಪೀಕ್‌ನ ಬುಡ ಅಗಲವಾಗಿರುವುದನ್ನು ತೋರಿಸಿದರು. ಹೈಡ್ರೋಜನ್ ಸುಮಾರು 80 ಬಾರ್ನ್‌ಗಳಷ್ಟು (ಬಾರ್ನ್ ಎಂದರೆ ಚದುರಿಸುವ ಸಾಮರ್ಥ್ಯದ ಅಳತೆ), ಮಿಕ್ಕ ಪರಮಾಣುಗಳಿಗಿಂತ ಬಹಳ ಬಲವಾಗಿ, ನ್ಯೂಟ್ರಾನುಗಳನ್ನು ಚದುರಿಸುವುದರಿಂದ ಅಲ್ಲಿ ಕಾಣುತ್ತಿದ್ದುದು ಬಹುಪಾಲು ನೀರಿನದೇ ಚಲನೆ. ಅಗಲವು ಸಂವೇಗ ವರ್ಗಾವಣೆಯ (ಚದುರುವಾಗ ನ್ಯೂಟ್ರಾನಿನ ಸಂವೇಗದಲ್ಲಾಗುವ ಬದಲಾವಣೆಯ) ಜೊತೆ ಹೆಚ್ಚುತ್ತ ಹೋದರೆ ಅಣು ಜಾಗ ಬಿಟ್ಟು ಸರಿಯುತ್ತಿದೆ, ಹಾಗೆಯೇ ಉಳಿದರೆ ಇದ್ದಲ್ಲೇ ತಿರುಗುತ್ತಿದೆ ಎಂದು, ನನಗೆ ಗೊತ್ತಿದ್ದ ಪಾಠವನ್ನೇ ಅವರು ಮತ್ತೆ ಹೇಳುತ್ತ ಹೋದರು. ಫೋನ್ ಮತ್ತೆ ಬರುವವರೆಗೆ ನನಗೆ ಆ ಮಾತು ಬೇಕಿತ್ತು ಎಂಬುದು ಅವರಿಗೆ ಹೇಗೆ ತಿಳಿಯಿತೋ!

ಅಪ್ಪ ಆ ಸಲ ಉಳಿದರು. ಪ್ರಬಂಧ ಸಲ್ಲಿಸುವ ಹೊತ್ತಿಗೆ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಈಗಲೂ ಆಗುತ್ತಿಲ್ಲ.

ಮೂರನೆಯ ಅಧ್ಯಾಯದ ತಾಪಮಾನ ಸರಣಿ ಪೂರ್ತಿಯಾಗಿ ಆ ರಾತ್ರಿಯದು. ಪರೀಕ್ಷಕರು ಹೆಚ್ಚು ಮೆಚ್ಚಿದ್ದೂ ಅದನ್ನೇ. ಅಕ್ಕಾ, ಬರುವ ತಿಂಗಳು ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ನಿಮ್ಮ ಪ್ರಯೋಗವಿದೆಯಲ್ಲ, ನಾನೂ ಬರುತ್ತೇನೆ. ರಾತ್ರಿ ಪಾಳಿಗೆ ನನ್ನ ಹೆಸರು ಬರೆಯಿರಿ.