ಕನ್ನಡ ಪೀರಿಯಡ್‌ನಲ್ಲಿ ಮಗುವಿನ ದನಿ ಕೇಳಲಿ

ಮಾನ್ಯ ಸಂಪಾದಕರೇ,

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಮನೆಯಲ್ಲಿ ಕನ್ನಡವಾಡದ ಮಕ್ಕಳು ಕನ್ನಡ ಪುಸ್ತಕ ಹಿಡಿದಿದ್ದಾರೆ. ಅಂಥ ಎಷ್ಟೋ ತರಗತಿಗಳಲ್ಲಿ ಈಗ ಸ್ಮಾರ್ಟ್ ಬೋರ್ಡ್ ಇದೆ. ಅನಿಮೇಷನ್ ಪಾಠ ಓಡುತ್ತದೆ, ಹಾಡು ಕೇಳಿಸುತ್ತದೆ, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಗಂಟೆ ಹೊಡೆಯುವ ಹೊತ್ತಿಗೆ ಹೆಚ್ಚಿನ ಮಕ್ಕಳು ಒಂದು ಪೂರ್ತಿ ವಾಕ್ಯವನ್ನೂ ಆಡಿರುವುದಿಲ್ಲ. ತರಗತಿಗೆ ತರುವ ಯಂತ್ರ ಯಾವುದೇ ಇರಲಿ, ಅದು ಮಗುವಿನ ಬಾಯಿಂದ ಮಾತು ಹೊರಡಿಸಬೇಕು ಎಂಬುದು ನಮ್ಮ ಅರಿಕೆ. ಈ ಕೆಲಸಕ್ಕೆ ದೊಡ್ಡ ಪರದೆಗಿಂತ ಹಳೆಯ ಮೊಬೈಲಿನ ರೆಕಾರ್ಡರ್ ಹೆಚ್ಚು ಒದಗುತ್ತದೆ.

ಲೆಕ್ಕ ನೋಡಿ. 40 ನಿಮಿಷದ ಪೀರಿಯಡ್, 40 ಮಕ್ಕಳು. ಹಾಜರಿ, ಪುಸ್ತಕ ತೆಗೆಯುವುದು, ಪಾಠ ವಿವರಿಸುವುದು ಎಲ್ಲ ಕಳೆದರೆ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಲು ತಲೆಗೆ 20 ಸೆಕೆಂಡೂ ಉಳಿಯದು. ಅದರ ಬದಲು ಸಿಮ್ ಇಲ್ಲದ 5 ಹಳೆಯ ಫೋನ್ ಇಟ್ಟುಕೊಂಡು, 8 ಮಕ್ಕಳ 5 ಗುಂಪು ಮಾಡಿದರೆ, ಪ್ರತಿ ಮಗುವೂ 30 ಸೆಕೆಂಡ್ ಮಾತಾಡಲು 4 ನಿಮಿಷ ಸಾಕು. ತಡವರಿಸಿ ಎರಡನೇ ಸಲ, ಮೂರನೇ ಸಲ ಹೇಳುವುದೂ ಸೇರಿ 12 ನಿಮಿಷ ಎಂದಿಟ್ಟುಕೊಳ್ಳಿ. ಆ ತಡವರಿಕೆಯಲ್ಲೇ ಕಲಿಕೆ ಇದೆ: ತನ್ನ ದನಿಯನ್ನು ತಾನೇ ಕೇಳಿ ‘ಇನ್ನೊಂದ್ಸಲ’ ಎನ್ನುವ ಮಗು ಯಾರೂ ಹೇಳದೆ ತಾನೇ ತಿದ್ದಿಕೊಳ್ಳುತ್ತಿರುತ್ತದೆ. 40 ಮಕ್ಕಳ ತುಣುಕುಗಳನ್ನು ಆಮೇಲೆ ಕೇಳಲು ಶಿಕ್ಷಕರಿಗೆ ಬೇಕಾದದ್ದು 20 ನಿಮಿಷ. ಪ್ರತಿ ಮಗುವಿಗೂ ಒಂದೇ ತಪ್ಪು ತಿಳಿಸಿ, ಅದೂ ಬಾಯಿಮಾತಿನಲ್ಲಿ. ಐದು ತಪ್ಪು ಪಟ್ಟಿ ಮಾಡಿದರೆ ಮುಂದಿನ ವಾರ ಆ ಮಗು ಫೋನ್ ಮುಟ್ಟುವುದಿಲ್ಲ.

ರೆಕಾರ್ಡಿಂಗ್ ಕೆಡುವುದು ಸಣ್ಣ ಕಾರಣಗಳಿಗೆ. ಫೋನನ್ನು ಬಾಯಿಗೆ ಒತ್ತಿ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿದು ಸದ್ದು ಒಡೆಯುತ್ತದೆ. ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಹಿಡಿಯಬೇಕು. ಆ ಹೊತ್ತಿಗೆ ಫ್ಯಾನ್ ಆರಿಸಬೇಕು. ಗುಂಪುಗಳನ್ನು ಮೂಲೆಗಳಿಗೂ ವರಾಂಡಕ್ಕೂ ಹಂಚಬೇಕು, ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರ ಫೋನಿನಲ್ಲಿ ಕೇಳುತ್ತದೆ. ಪುಸ್ತಕದ ಪ್ಯಾರಾ ಓದಿಸಬೇಡಿ. ಸಂತೆಯ ಚಿತ್ರ ಕೊಟ್ಟು, ‘ಬೆಂಡೆಕಾಯಿ ಬೆಲೆ ಕೇಳು, ಚೌಕಾಸಿ ಮಾಡು, ಚಿಲ್ಲರೆ ವಾಪಸ್ ಕೇಳು’ ಎಂದರೆ ಮಾತು ತಾನಾಗಿ ಬರುತ್ತದೆ.

ಎಲ್ಲ ಮಕ್ಕಳಿಗೂ ಒಂದೇ ಪಾಠ ಎಂಬುದೂ ತಪ್ಪು. ಮನೆಯಲ್ಲಿ ಹಿಂದಿ ಆಡುವ ಮಗುವಿನ ಕಿವಿಗೆ ಎ-ಏ, ಒ-ಓ ನಡುವಿನ ವ್ಯತ್ಯಾಸವೇ ಬೀಳದು, ಏಕೆಂದರೆ ಹಿಂದಿಯಲ್ಲಿ ಎ, ಒ ಎಂಬ ಹ್ರಸ್ವ ಸ್ವರಗಳು ಬೇರೆಯಾಗಿ ಇಲ್ಲ. ಹಾಗಾಗಿ ‘ಎಣಿ’ ಮತ್ತು ‘ಏಣಿ’ ಅದಕ್ಕೆ ಒಂದೇ. ‘ಳ’ ಕೂಡ ಹೊಸದು, ‘ಹುಳಿ ಬಡಿಸಿ’ ಹೋಗಿ ‘ಹುಲಿ ಬಡಿಸಿ’ ಆಗುತ್ತದೆ. ಮರಾಠಿ, ಒಡಿಯಾ ಮನೆಯ ಮಕ್ಕಳಿಗೆ ‘ಳ’ ಮೊದಲೇ ಗೊತ್ತು, ಅವರಿಗೆ ಆ ಅಭ್ಯಾಸ ಮಾಡಿಸುವುದು ಹೊತ್ತು ಕಳೆದಂತೆ. ತಮಿಳು ಮನೆಯ ಮಗುವಿಗೆ ಎ-ಏ, ಳ ಯಾವುದೂ ಕಷ್ಟವಲ್ಲ. ಬರೆಯುವಾಗ ‘ಕುರಿ’ ಯಾವುದು ‘ಗುರಿ’ ಯಾವುದು ಎಂಬಲ್ಲಿ ತೊಡಕು, ತಮಿಳು ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ.

ಯಾವ ಮಗು ಎಲ್ಲಿ ಎಡವುತ್ತಿದೆ ಎಂದು ಒಂದೇ ನಿಮಿಷದಲ್ಲಿ ತಿಳಿಯಲು ಪ್ಲಿಕರ್ಸ್ ಎಂಬ ಆ್ಯಪ್ ಒಳ್ಳೆಯ ದಾರಿ. ಇದಕ್ಕೆ ಮಕ್ಕಳ ಕೈಯಲ್ಲಿ ಫೋನ್ ಬೇಡ. ಪ್ರತಿ ಮಗುವಿಗೂ ಕಪ್ಪು-ಬಿಳುಪು ವಿನ್ಯಾಸದ ಒಂದು ಕಾಗದದ ಕಾರ್ಡ್. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರಗಳಿರುತ್ತವೆ. ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿದರೆ, ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯುದ್ದಕ್ಕೂ ಒಮ್ಮೆ ತಿರುಗಿಸಿದರಾಯಿತು, ಯಾರ ಉತ್ತರ ಯಾವುದೆಂದು ಪರದೆಯಲ್ಲಿ ಬರುತ್ತದೆ. ಪ್ರತಿ ಕಾರ್ಡಿನ ವಿನ್ಯಾಸ ಬೇರೆ, ಪಕ್ಕದವರದ್ದನ್ನು ನೋಡಿ ಹಿಡಿದರೆ ಫಲವಿಲ್ಲ. ‘ಎಣಿ’ ಎಂದು ಸದ್ದು ಮಾತ್ರ ಕೇಳಿಸಿ, ಎಣಿಸುವ ಚಿತ್ರ ಎ, ಏಣಿಯ ಚಿತ್ರ ಬಿ ಎಂದು ಕೇಳಿ. ಬೋರ್ಡಿನ ಮೇಲೆ ಪದ ಬರೆದಿಟ್ಟರೆ ಮಕ್ಕಳು ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿಬಿಡುತ್ತಾರೆ. ಬಾಳಿಕೆ ಬರಲೆಂದು ಕಾರ್ಡ್‌ಗಳಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ: ಟ್ಯೂಬ್‌ಲೈಟಿನ ಬೆಳಕು ಹೊಳೆದು ಕ್ಯಾಮೆರಾಗೆ ಓದಲಾಗದು. ದಪ್ಪ ಕಾಗದಕ್ಕೆ ಮುದ್ರಿಸಿದರೆ ಸಾಕು. ಬೆರಳು ಕಪ್ಪು ಭಾಗದ ಮೇಲೆ ಬಂದರೂ ಓದದು, ಅಂಚಿನಲ್ಲಿ ಹಿಡಿಯಲು ಮೊದಲ ದಿನವೇ ಕಲಿಸಬೇಕು.

ಮಾತನ್ನು ಅಕ್ಷರಕ್ಕಿಳಿಸುವ ಆ್ಯಪ್‌ಗಳಿಂದ ಉಚ್ಚಾರಣೆಗೆ ಅಂಕ ಕೊಡಿಸುವುದನ್ನು ನಾವು ಒಪ್ಪುವುದಿಲ್ಲ. ಅವು ವಾಕ್ಯದ ಸಂದರ್ಭ ಊಹಿಸಿ ಬರೆಯುವಂಥವು. ಮಗು ‘ಹುಲಿ ಬಡಿಸಿ’ ಎಂದರೂ ‘ಹುಳಿ ಬಡಿಸಿ’ ಎಂದು ತಿದ್ದಿ ಬರೆದರೆ ತಪ್ಪು ಮುಚ್ಚಿಹೋಯಿತು. ಇತ್ತ ಸರಿಯಾಗಿ ಹೇಳಿದ ಪುಟ್ಟ ಮಗುವಿನ ಎಳೆ ದನಿಯನ್ನು ಅರಿಯಲಾಗದೆ ತಪ್ಪು ಬರೆದರೆ ಮಗು ಕುಗ್ಗುತ್ತದೆ. ಬರಹವನ್ನು ಓದಿ ಹೇಳುವ ಯಂತ್ರದ ದನಿಗೂ ಒಂದು ಮಿತಿಯಿದೆ. ಪುಸ್ತಕದ ‘ಬರುತ್ತೇನೆ’ಯನ್ನು ಅದು ‘ಬರುತ್ತೇನೆ’ ಎಂದೇ ಓದುತ್ತದೆ. ಬೆಂಗಳೂರಿನ ಬೀದಿಯಲ್ಲಿ ಮಗುವಿಗೆ ಕೇಳುವುದು ‘ಬರ್ತೀನಿ’, ಧಾರವಾಡದಲ್ಲಿ ‘ಬರ್ತೀನ್ರಿ’, ಮಂಗಳೂರಿನಲ್ಲಿ ‘ಬರ್ತೇನೆ’. ಕಲಿತ ಕನ್ನಡಕ್ಕೂ ಕೇಳುವ ಕನ್ನಡಕ್ಕೂ ತಾಳೆಯಾಗದಾಗ ಮಗು ಅಂಗಡಿಯವರ ಮುಂದೆ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಶಾಲೆಯ ಆಯಾ, ವ್ಯಾನ್ ಡ್ರೈವರ್, ಎದುರಿನ ಬೇಕರಿಯವರು ಇವರ ಒಪ್ಪಿಗೆ ಪಡೆದು 20 ಸೆಕೆಂಡಿನ ಮಾತು ರೆಕಾರ್ಡ್ ಮಾಡಿ ತರಗತಿಯಲ್ಲಿ ಕೇಳಿಸಿ. ಮರುದಿನ ಆ ಮಕ್ಕಳು ಅದೇ ಡ್ರೈವರ್ ಅಣ್ಣನನ್ನು ಕನ್ನಡದಲ್ಲಿ ಮಾತಾಡಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ಸದ್ದು ಸ್ಪಷ್ಟವಿಲ್ಲದಿದ್ದರೆ ಶ್ರಮ ನೀರುಪಾಲು. ಬರಿಗೋಡೆಯ ಕೋಣೆಯಲ್ಲಿ ಪ್ರತಿಧ್ವನಿ ಸೇರಿ ‘ಬಳಿ’ ಮತ್ತು ‘ಬಳ್ಳಿ’ ಒಂದಾಗುತ್ತವೆ. ಸ್ಪೀಕರನ್ನು ಬೋರ್ಡಿನ ಹತ್ತಿರ ಇಟ್ಟು ದನಿ ಏರಿಸುವ ಬದಲು ತರಗತಿಯ ನಡುಭಾಗಕ್ಕೆ ತಂದು ತಗ್ಗಿಸಿ. ಕೊನೇ ಬೆಂಚಿನಲ್ಲಿ ಕೂತು ಈ ಎರಡು ಪದ ಬೇರೆಯಾಗಿ ಕೇಳುತ್ತವೆಯೇ ಎಂದು ಶಿಕ್ಷಕರೇ ಪರೀಕ್ಷಿಸಿ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಿಂದ ಪ್ರೊಜೆಕ್ಟರ್‌ಗೆ ಜೋಡಿಸಿದಾಗ ಸದ್ದು ಪ್ರೊಜೆಕ್ಟರಿನ ಸಣ್ಣ ಸ್ಪೀಕರ್‌ಗೆ ಹೊರಟುಹೋಗುವುದುಂಟು. ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಬದಲಿಸಬೇಕು.

ಅಕ್ಷರಗಳ ವಿಷಯ ಚಿಕ್ಕದು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಆ ಫಾಂಟಿಲ್ಲದ ಬೋರ್ಡಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ; ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿಟ್ಟುಕೊಳ್ಳಿ. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಕೆಳಗಿನ ಒತ್ತು ಕತ್ತರಿಸಿಹೋಗದಂತೆ ಸಾಲಿನ ಅಂತರ 1.5 ಇರಲಿ.

ಮಕ್ಕಳ ದನಿ ಅವರ ವೈಯಕ್ತಿಕ ಸ್ವತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಡತಕ್ಕೆ ಮಗುವಿನ ಹೆಸರು ಬೇಡ, ತರಗತಿ ಮತ್ತು ಕ್ರಮಸಂಖ್ಯೆ ಸಾಕು. ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಎಲ್ಲರ ಧ್ವನಿ ಹಾಕಬೇಡಿ. ತಪ್ಪು ಮಾತಾಡಿದ ಮಗು ಮನೆಮನೆಯಲ್ಲಿ ನಗೆಗೆ ಈಡಾಗುತ್ತದೆ.

ಶಿಕ್ಷಣ ಇಲಾಖೆಗೆ ಒಂದು ಮನವಿ. ಪಠ್ಯಪುಸ್ತಕಗಳಲ್ಲಿ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯ ಕ್ಯೂಆರ್ ಕೋಡ್ ಈಗಾಗಲೇ ಇದೆ. ಅದರಡಿ ಪ್ರತಿ ಸಂಭಾಷಣೆ ಪಾಠಕ್ಕೂ ಬೆಂಗಳೂರು, ಧಾರವಾಡ, ಮಂಗಳೂರು, ಕಲಬುರಗಿಯ ಜನರ ಸಹಜ ಮಾತಿನ ಧ್ವನಿಯನ್ನು, ತಲಾ ಅರ್ಧ ನಿಮಿಷದಷ್ಟು, ಡೌನ್‌ಲೋಡ್ ಮಾಡಿಕೊಳ್ಳುವಂತೆ ಸೇರಿಸಲಿ. ವಿಡಿಯೊ ಬೇಡ, ಧ್ವನಿ ಸಾಕು. ನೆಟ್‌ವರ್ಕ್ ದುರ್ಬಲವಿರುವ ಊರಿನ ಶಾಲೆಗೂ ಅದು ಇಳಿಯುತ್ತದೆ.

– ಕನ್ನಡ ಕಲಿಸುವ ಕೆಲವು ಶಿಕ್ಷಕರು, ಬೆಂಗಳೂರು