ಪಾದದ ಥರ್ಮಲ್ ಫೋಟೋ ತೆಗೆಸುವವರಿಗೆ

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಪೂರ್ತಿ ಓದಿ.

ಥರ್ಮಲ್ ಕ್ಯಾಮೆರಾ ಚರ್ಮದ ಶಾಖವನ್ನು ಬಣ್ಣದಲ್ಲಿ ತೋರಿಸುತ್ತದೆ, ಅಷ್ಟೇ. ರಕ್ತನಾಳದ ಒಳಗೆ ನೋಡುವುದಿಲ್ಲ. ನಮ್ಮ ಅಮ್ಮನ ಫೋಟೋದಲ್ಲಿ ಎಡಗಾಲಿನ ಬೆರಳುಗಳು ಕಿತ್ತಳೆ ಬಣ್ಣ, ಬಲಗಾಲಿನವು ಕಡುನೀಲಿ. ಬಲಗಾಲಿನ ಬೆರಳುಗಳು ಮುಟ್ಟಿದರೂ ತಣ್ಣಗಿದ್ದವು. ಪಾದಕ್ಕೆ ರಕ್ತ ಸರಿಯಾಗಿ ಹೋಗದಿದ್ದರೆ ಹೀಗಾಗಬಹುದು. ಆದರೆ ಡಾಪ್ಲರ್ (ರಕ್ತದ ಹರಿವು ನೋಡುವ ಪರೀಕ್ಷೆ) ಮಾಡಿಸಿ, ಕಾಲಿನ ಬಿಪಿಯನ್ನು ಕೈಯ ಬಿಪಿ ಜೊತೆ ಹೋಲಿಸಿದ ಮೇಲೆಯೇ ಅದು ಖಚಿತವಾಗಿದ್ದು.

ಬಿಸಿಯೂ ಒಂದು ಸೂಚನೆಯೇ. ಎರಡೂ ಪಾದಗಳ ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ, ಬಿಸಿ ಇರುವ ಕಡೆ ಹುಣ್ಣು ಶುರುವಾಗುತ್ತಿರಬಹುದು.

ಫೋಟೋಗೆ ಮುಂಚೆ ಚಪ್ಪಲಿ, ಸಾಕ್ಸ್ ಬಿಚ್ಚಿ 10–15 ನಿಮಿಷ ಸುಮ್ನೆ ಕೂತಿರಿ. ಬಿಸಿಲಲ್ಲಿ ನಡೆದು ಬಂದ ತಕ್ಷಣ ತೆಗೆದರೆ ಸರಿ ಬರುವುದಿಲ್ಲ. ನಡೆಯುವಾಗ ಮೀನಖಂಡ ನೋಯುತ್ತಿದ್ದರೆ ಫೋಟೋಗೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.